ಭೌತವಿಜ್ಞಾನ ತರಗತಿಯಲ್ಲಿ ರಿಮೋಟ್ ರೋಬೋಟ್: ಕಟ್ಟುವ ಬಗೆ, ಪರೀಕ್ಷಿಸುವ ಬಗೆ, ಮುಂದಿನ ದಾರಿ



ವಾರ್ಷಿಕ ವರದಿಯ ಲೆಕ್ಕಪತ್ರದಲ್ಲಿ ಶುಲ್ಕ, ಪುಸ್ತಕ, ಸಮವಸ್ತ್ರ ಮತ್ತು ಬಸ್ ಪಾಸಿನ ಸಾಲುಗಳ ಕೆಳಗೆ ‘ವಿಜ್ಞಾನ ಪ್ರಯೋಗ ಸಾಮಗ್ರಿ’ ಎಂಬ ಸಣ್ಣ ಸಾಲೊಂದಿದೆ. ಅಲ್ಲಾಳಸಂದ್ರ ಮತ್ತು ಸುತ್ತಮುತ್ತ ನಮ್ಮ ವಿದ್ಯಾರ್ಥಿವೇತನ ಪಡೆಯುವ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳು ಆ ಹಣದಿಂದ ಕಟ್ಟಿದ್ದು ದೂರದಿಂದ ನಡೆಸಬಹುದಾದ ಪುಟ್ಟ ರೋಬೋಟ್‌ಗಳನ್ನು. ‘ಇದು ಆಟದ ಸಾಮಾನಲ್ಲವೇ? ಇದರ ಬದಲು ಇನ್ನೊಂದು ಮಗುವಿನ ಶುಲ್ಕ ಕಟ್ಟಬಹುದಿತ್ತಲ್ಲ?’ ಎಂದು ದಾನಿಗಳು ಕೇಳುವುದು ನ್ಯಾಯವಾದ ಪ್ರಶ್ನೆ. ‘ಇದರಿಂದ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಬರುತ್ತದೆಯೇ?’ ಎಂದು ಪೋಷಕರು ಕೇಳುವುದೂ ನ್ಯಾಯವೇ. ಎರಡಕ್ಕೂ ಉತ್ತರ ಕೊಡಬೇಕಾದರೆ ಆ ಯಂತ್ರದ ಒಳಗೆ ಏನಿದೆ, ಮಕ್ಕಳು ಅದನ್ನು ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ವಿವರಿಸಬೇಕು. ಈ ಲೇಖನ ಅದಕ್ಕಾಗಿ.

ಮನುಷ್ಯ ಹೋಗಲಾಗದ ಕಡೆ ಹೋಗುವ ಯಂತ್ರ

ರೋಬೋಟ್ ಎಂದಾಕ್ಷಣ ಸಿನಿಮಾದಲ್ಲಿ ಮಾತನಾಡುವ ಲೋಹದ ಮನುಷ್ಯ ನೆನಪಾಗುತ್ತಾನೆ. ಕೆಲಸಕ್ಕೆ ಬರುವ ಬಹುಪಾಲು ರೋಬೋಟ್‌ಗಳು ಹಾಗಿರುವುದಿಲ್ಲ. ಚಕ್ರ, ಮೋಟಾರು, ಬ್ಯಾಟರಿ ಮತ್ತು ಆಜ್ಞೆ ಪಡೆಯುವ ಒಂದು ವ್ಯವಸ್ಥೆ ಇದ್ದರೆ ಸಾಕು. ಆಜ್ಞೆಯನ್ನು ದೂರದಲ್ಲಿ ಕುಳಿತ ಮನುಷ್ಯ ಕೊಟ್ಟರೆ ಅದು ರಿಮೋಟ್ ರೋಬೋಟ್.

ಇಂಥ ಯಂತ್ರಗಳು ನಮ್ಮ ದೇಶದಲ್ಲೇ ಮನುಷ್ಯರ ಜೀವ ಉಳಿಸುವ ಕೆಲಸಕ್ಕೆ ಬಂದಿವೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪುಣೆಯಲ್ಲಿ ಅಭಿವೃದ್ಧಿಪಡಿಸಿದ ‘ದಕ್ಷ್’ ಬಾಂಬ್ ನಿಷ್ಕ್ರಿಯಗೊಳಿಸಲು ಸೈನಿಕನ ಬದಲು ಮುಂದೆ ಹೋಗುತ್ತದೆ. ಮ್ಯಾನ್‌ಹೋಲ್‌ಗೆ ಮನುಷ್ಯ ಇಳಿಯಬಾರದೆಂದು ಕೇರಳದ ಯುವ ಎಂಜಿನಿಯರುಗಳು ‘ಬ್ಯಾಂಡಿಕೂಟ್’ ಎಂಬ ಯಂತ್ರವನ್ನು ಮಾಡಿದರು. 2018ರಲ್ಲಿ ಅದು ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಯಿತು. ಮಲಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು 2013ರಲ್ಲೇ ಬಂದಿದ್ದರೂ ಗುಂಡಿಗೆ ಇಳಿದವರು ಸಾಯುವುದು ನಿಂತಿಲ್ಲ. ಯಾರ ಮಗ ಆ ಗುಂಡಿಗೆ ಇಳಿಯುತ್ತಾನೆ ಎಂಬುದು ನಮಗೆಲ್ಲ ತಿಳಿದ ವಿಷಯ. ಯಂತ್ರ ಇಳಿಯುವುದು ಸಾಧ್ಯ ಎಂದು ತೋರಿಸಿದವರು ಕಾಲೇಜಿನಿಂದ ಆಗಷ್ಟೇ ಹೊರಬಂದಿದ್ದ ಹುಡುಗರು.

ಎಲ್ಲಕ್ಕಿಂತ ದೂರ ಹೋದ ನಮ್ಮ ರಿಮೋಟ್ ರೋಬೋಟ್ ‘ಪ್ರಜ್ಞಾನ್’. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಅದರ ಹೊಟ್ಟೆಯಿಂದ ಹೊರಬಂದ ಆರು ಚಕ್ರದ, 26 ಕೆ.ಜಿ.ಯ ಬಂಡಿಗೆ ಆಜ್ಞೆಗಳು ಹೋಗುತ್ತಿದ್ದುದು ಬೆಂಗಳೂರಿನಿಂದ. ಇಸ್ರೋದ ಇಸ್ಟ್ರ್ಯಾಕ್ ಕೇಂದ್ರ ಇರುವುದು ಪೀಣ್ಯದಲ್ಲಿ. ನಮ್ಮ ಓದುಗರಲ್ಲಿ ಎಷ್ಟೋ ಮನೆಯವರು ದಿನವೂ ಕೆಲಸಕ್ಕೆ ಹೋಗಿಬರುವ ಅದೇ ಪೀಣ್ಯ. ಮಕ್ಕಳು ತರಗತಿಯಲ್ಲಿ ಕಟ್ಟುವ ಬಂಡಿಗೂ ಪ್ರಜ್ಞಾನ್‌ಗೂ ಬೆಲೆಯಲ್ಲಿ, ನಿಖರತೆಯಲ್ಲಿ ಹೋಲಿಕೆಯೇ ಇಲ್ಲ. ಆದರೆ ಎರಡನ್ನೂ ನಡೆಸುವ ನಿಯಮಗಳು ಒಂದೇ, ಮತ್ತು ಅವು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇವೆ.

ಮೊದಲ ಹಂತ: ತಂತಿಯ ರಿಮೋಟ್

ಕೆಲಸ ಶುರುವಾಗುವುದು ಮೊಬೈಲಿನಿಂದಲ್ಲ, ತಂತಿಯಿಂದ. ಒಂದು ಪ್ಲೈವುಡ್ ತುಂಡು, ಹಳದಿ ಪ್ಲಾಸ್ಟಿಕ್ ಕವಚದ ಎರಡು ಗೇರ್ ಮೋಟಾರು, ಎರಡು ಚಕ್ರ, ಮುಂದೆ ಎತ್ತ ಬೇಕಾದರೂ ಹೊರಳುವ ಒಂದು ಪುಟ್ಟ ಕ್ಯಾಸ್ಟರ್ ಚಕ್ರ, ಬ್ಯಾಟರಿ, ಎರಡು ಸ್ವಿಚ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ.

ಮೋಟಾರಿನೊಳಗೆ ಆಯಸ್ಕಾಂತಗಳ ನಡುವೆ ತಂತಿಯ ಸುರುಳಿ ಇದೆ. ಅದರಲ್ಲಿ ವಿದ್ಯುತ್ ಹರಿದಾಗ ಸುರುಳಿಯ ಮೇಲೆ ಬಲ ಬೀಳುತ್ತದೆ, ಅದು ತಿರುಗುತ್ತದೆ. ಬಲದ ದಿಕ್ಕನ್ನು ಹೇಳುವುದೇ ಮಕ್ಕಳು ಬಾಯಿಪಾಠ ಮಾಡುವ ಫ್ಲೆಮಿಂಗನ ಎಡಗೈ ನಿಯಮ. ವಿದ್ಯುತ್ತಿನ ದಿಕ್ಕು ತಿರುವಿದರೆ ಬಲದ ದಿಕ್ಕೂ ತಿರುಗಬೇಕು. ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿದ ಮಗು ಚಕ್ರ ಹಿಂದಕ್ಕೆ ತಿರುಗುವುದನ್ನು ಕಣ್ಣಾರೆ ನೋಡುತ್ತದೆ. ನಿಯಮ ಆಮೇಲೆ ಮರೆಯುವುದಿಲ್ಲ.

ಪ್ರತಿ ಸಲವೂ ತಂತಿ ಬಿಚ್ಚಿ ಕಟ್ಟಲು ಆಗುವುದಿಲ್ಲವಲ್ಲ. ಅದಕ್ಕಾಗಿ ಆರು ಕಾಲಿನ ಡಿಪಿಡಿಟಿ ಸ್ವಿಚ್ ಬಳಸುತ್ತಾರೆ. ನಡುವಿನ ಎರಡು ಕಾಲು ಮೋಟಾರಿಗೆ. ಒಂದು ತುದಿಯ ಎರಡು ಕಾಲು ಬ್ಯಾಟರಿಗೆ. ಇನ್ನೊಂದು ತುದಿಯ ಎರಡು ಕಾಲಿಗೆ ಅದೇ ಬ್ಯಾಟರಿಯ ತಂತಿಗಳು ಕತ್ತರಿಯಂತೆ ಅಡ್ಡಹಾಯ್ದು ಬರುತ್ತವೆ. ಸ್ವಿಚ್ ಒಂದು ಕಡೆ ಒತ್ತಿದರೆ ಚಕ್ರ ಮುಂದೆ, ಇನ್ನೊಂದು ಕಡೆ ಒತ್ತಿದರೆ ಹಿಂದೆ. ಎರಡು ಮೋಟಾರಿಗೆ ಎರಡು ಸ್ವಿಚ್. ಎರಡೂ ಮುಂದೆ ಹೋದರೆ ಬಂಡಿ ಮುಂದೆ. ಬಲ ಚಕ್ರ ಮಾತ್ರ ತಿರುಗಿದರೆ ಬಂಡಿ ಎಡಕ್ಕೆ. ಒಂದು ಮುಂದೆ, ಇನ್ನೊಂದು ಹಿಂದೆ ತಿರುಗಿದರೆ ನಿಂತಲ್ಲೇ ಸುತ್ತು.

ಗೇರು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ನಮ್ಮ ಅನೇಕ ಮನೆಗಳಲ್ಲೇ ಇದೆ. ಹೊಲಿಗೆ ಯಂತ್ರದಲ್ಲಿ ಕಾಲಿನ ಹತ್ತಿರದ ದೊಡ್ಡ ಚಕ್ರ ಮೇಲಿನ ಸಣ್ಣ ಚಕ್ರವನ್ನು ಬೆಲ್ಟಿನ ಮೂಲಕ ತಿರುಗಿಸುತ್ತದೆ. ಕಾಲು ನಿಧಾನ ಆಡಿದರೂ ಸೂಜಿ ವೇಗವಾಗಿ ಆಡುತ್ತದೆ. ರೋಬೋಟಿನಲ್ಲಿ ಇದು ತಿರುಗುಮುರುಗು: ಒಳಗಿನ ಸಣ್ಣ ಮೋಟಾರು ಬಹಳ ವೇಗವಾಗಿ ತಿರುಗುತ್ತದೆ, ಆದರೆ ಅದಕ್ಕೆ ಶಕ್ತಿ ಸಾಲದು. ಸಣ್ಣ ಹಲ್ಲಿನ ಚಕ್ರ ದೊಡ್ಡದನ್ನು, ಅದು ಇನ್ನೂ ದೊಡ್ಡದನ್ನು ತಿರುಗಿಸುತ್ತ ಹೋದಾಗ ವೇಗ ಕಡಿಮೆಯಾಗಿ ತಿರುಗಿಸುವ ಬಲ ಹೆಚ್ಚುತ್ತದೆ. ಆಟೋ ಓಡಿಸುವ ತಂದೆ ಏರಿನಲ್ಲಿ ಮೊದಲ ಗೇರ್ ಹಾಕುವುದೂ ಇದೇ ಲೆಕ್ಕದಿಂದ. ಟೈಲರಿಂಗ್ ಮಾಡುವ ತಾಯಿ, ಗ್ಯಾರೇಜಿನ ಅಣ್ಣ, ವೈರಿಂಗ್ ಕೆಲಸದ ಮಾಮ, ಇವರೆಲ್ಲ ಭೌತವಿಜ್ಞಾನವನ್ನು ಕೈಯಿಂದ ಬಲ್ಲವರು. ಮಗುವಿಗೆ ಇದನ್ನು ವಿವರಿಸಿ ಹೇಳಲು ಹಿಂಜರಿಯಬೇಡಿ ಎಂಬುದು ನಮ್ಮ ಕೋರಿಕೆ.

ಎರಡನೇ ಹಂತ: ತಂತಿ ಇಲ್ಲದ ಆಜ್ಞೆ

ತಂತಿಯಿಲ್ಲದೆ ದೂರಕ್ಕೆ ಆಜ್ಞೆ ಕಳುಹಿಸುವುದು ಸಾಧ್ಯವೆಂದು ತೋರಿಸಿದ ಮೊದಲಿಗರಲ್ಲಿ ನಮ್ಮವರೇ ಒಬ್ಬರು. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶ ಚಂದ್ರ ಬೋಸರು ವಿದ್ಯುತ್ಕಾಂತೀಯ ಅಲೆಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿದರು, ಸಿಡಿಮದ್ದು ಸಿಡಿಸಿದರು. 1898ರಲ್ಲಿ ನ್ಯೂಯಾರ್ಕಿನಲ್ಲಿ ನಿಕೊಲಾ ಟೆಸ್ಲಾ ರೇಡಿಯೋ ಅಲೆಗಳಿಂದ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದರು.

ಇಂದು ಮನೆಯ ಟಿವಿ ರಿಮೋಟ್ ಅವಕೆಂಪು ಕಿರಣವನ್ನು ಬಳಸುತ್ತದೆ. ಅದು ಕಣ್ಣಿಗೆ ಕಾಣದ ಬೆಳಕು. ಎದುರಿಗೆ ಯಾರಾದರೂ ನಿಂತರೆ ತಡೆದುಬಿಡುತ್ತದೆ. ಬ್ಲೂಟೂತ್ ಬಳಸುವುದು ರೇಡಿಯೋ ಅಲೆ. ಅದರ ಆವೃತ್ತಿ ಸುಮಾರು 2.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 240 ಕೋಟಿ ಕಂಪನ. ಬೆಳಕಿನ ವೇಗವಾದ ಸೆಕೆಂಡಿಗೆ 30 ಕೋಟಿ ಮೀಟರನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ: ಹನ್ನೆರಡೂವರೆ ಸೆಂಟಿಮೀಟರ್. ಪುಸ್ತಕದಲ್ಲಿ ಒಣ ಸೂತ್ರವಾಗಿದ್ದದ್ದು ಇಲ್ಲಿ ಅಂಗೈ ಅಗಲದ ಅಲೆಯಾಗಿ ಮಗುವಿಗೆ ಅರ್ಥವಾಗುತ್ತದೆ.

ಮಕ್ಕಳ ಬಂಡಿಯಲ್ಲಿ ಮೊಬೈಲ್ ಫೋನೇ ರಿಮೋಟ್. ಬಂಡಿಯ ಮೇಲಿನ ಬ್ಲೂಟೂತ್ ತುಣುಕು ಫೋನಿನ ಆಜ್ಞೆಯನ್ನು ಹಿಡಿದು ಆರ್ಡುಯಿನೊ ಎಂಬ ಪುಟ್ಟ ಗಣಕ ಹಲಗೆಗೆ ಕೊಡುತ್ತದೆ. ‘ಎಫ್’ ಅಕ್ಷರ ಬಂದರೆ ಎರಡು ಮೋಟಾರೂ ಮುಂದೆ, ‘ಎಸ್’ ಬಂದರೆ ನಿಲ್ಲು ಎಂದು ಮಕ್ಕಳೇ ಪ್ರೋಗ್ರಾಂ ಬರೆದಿರುತ್ತಾರೆ. ಆದರೆ ಆ ಹಲಗೆಗೆ ಮೋಟಾರು ತಿರುಗಿಸುವಷ್ಟು ವಿದ್ಯುತ್ ಕೊಡುವ ಶಕ್ತಿ ಇಲ್ಲ. ಹೀಗಾಗಿ ನಡುವೆ ‘ಮೋಟಾರ್ ಡ್ರೈವರ್’ ಬೇಕು. ಅದರೊಳಗೆ ಎಚ್ ಅಕ್ಷರದ ಆಕಾರದಲ್ಲಿ ನಾಲ್ಕು ಎಲೆಕ್ಟ್ರಾನಿಕ್ ಸ್ವಿಚ್ಚುಗಳಿವೆ. ನಡುವಿನ ಅಡ್ಡಗೆರೆಯಲ್ಲಿ ಮೋಟಾರು. ಕರ್ಣದ ಎರಡು ಸ್ವಿಚ್ ಆನ್ ಆದರೆ ಒಂದು ದಿಕ್ಕು, ಇನ್ನೊಂದು ಕರ್ಣದ್ದು ಆನ್ ಆದರೆ ವಿರುದ್ಧ ದಿಕ್ಕು. ಮೊದಲ ಹಂತದಲ್ಲಿ ಬೆರಳಿನಿಂದ ಒತ್ತಿದ ಅದೇ ಸ್ವಿಚ್ಚಿನ ಕೆಲಸ ಈಗ ವಿದ್ಯುತ್ತೇ ಮಾಡುತ್ತಿದೆ. ತಂತಿಯ ರಿಮೋಟಿನಿಂದ ಶುರುಮಾಡುವುದು ಈ ಕಾರಣಕ್ಕೆ. ನೇರವಾಗಿ ಕಿಟ್ ಜೋಡಿಸಿದ ಮಗುವಿಗೆ ಈ ಕಪ್ಪು ಚಿಪ್ಪು ಮಾಯಾಪೆಟ್ಟಿಗೆಯಾಗಿ ಉಳಿಯುತ್ತದೆ.

ಇಲ್ಲಿ ಒಂದು ಅಳತೆ ಮಕ್ಕಳನ್ನು ಯೋಚನೆಗೆ ಹಚ್ಚುತ್ತದೆ. ಎರಡು ಲಿಥಿಯಂ ಸೆಲ್ ಸೇರಿ ಸುಮಾರು 7.4 ವೋಲ್ಟ್. ಮೋಟಾರಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ ತೋರುವುದು ಐದೂವರೆಯ ಆಸುಪಾಸು. ಉಳಿದ ಎರಡು ವೋಲ್ಟ್ ಎಲ್ಲಿ ಹೋಯಿತು? ಡ್ರೈವರ್ ಚಿಪ್ಪಿನ ಬೆನ್ನಿಗಿರುವ ಲೋಹದ ಫಲಕ ಬಿಸಿಯಾಗಿರುತ್ತದೆ. ಎರಡು ವೋಲ್ಟನ್ನು ಅರ್ಧ ಆಂಪಿಯರಿನಿಂದ ಗುಣಿಸಿದರೆ ಒಂದು ವಾಟ್. ಅಷ್ಟು ಶಕ್ತಿ ಶಾಖವಾಗಿ ಹೋಗುತ್ತಿದೆ. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂಬ ವಾಕ್ಯದ ಅರ್ಥ ಅಲ್ಲಿದೆ.

ಪರೀಕ್ಷೆ: ಒಂದು ಸಲಕ್ಕೆ ಒಂದೇ ಬದಲಾವಣೆ

ಬಂಡಿ ಓಡಿತು ಎಂದು ಚಪ್ಪಾಳೆ ತಟ್ಟಿ ಮುಗಿಸಿದರೆ ಅದು ಆಟಿಕೆಯೇ. ಅದು ವಿಜ್ಞಾನವಾಗುವುದು ಅಳತೆ ಶುರುವಾದಾಗ. ಪ್ರತಿ ಗುಂಪಿಗೂ ಒಂದು ನೋಟ್‌ಬುಕ್ ಇರುತ್ತದೆ. ಅದರಲ್ಲಿ ಬರೆಯದ ಫಲಿತಾಂಶ ಲೆಕ್ಕಕ್ಕಿಲ್ಲ.

ಮೊದಲನೆಯದು ನೇರ ನಡಿಗೆಯ ಪರೀಕ್ಷೆ. ನೆಲದ ಮೇಲೆ ಸೀಮೆಸುಣ್ಣದಿಂದ ಐದು ಮೀಟರ್ ಗೆರೆ ಎಳೆದು ಬಂಡಿಯನ್ನು ಬಿಡುತ್ತಾರೆ. ಯಾವ ಹೊಸ ಬಂಡಿಯೂ ನೇರ ಹೋಗುವುದು ಅಪರೂಪ. ಎಡಕ್ಕೆ ಎಳೆಯುತ್ತಿದೆ ಎಂದುಕೊಳ್ಳಿ. ಕಾರಣ ಎಡ ಮೋಟಾರು ನಿಧಾನವಾಗಿರುವುದೇ, ಎಡ ಚಕ್ರ ಉಜ್ಜುತ್ತಿರುವುದೇ, ಬ್ಯಾಟರಿಯ ಭಾರ ಒಂದು ಕಡೆಗೆ ಬಿದ್ದಿರುವುದೇ? ಮಕ್ಕಳಿಗೆ ಎಲ್ಲವನ್ನೂ ಒಟ್ಟಿಗೆ ಸರಿಪಡಿಸುವ ಆತುರ. ಹಾಗೆ ಮಾಡಿದರೆ ಬಂಡಿ ನೇರವಾಗಬಹುದು, ಕಾರಣ ಮಾತ್ರ ಗೊತ್ತಾಗುವುದಿಲ್ಲ. ಅದರ ಬದಲು ಎರಡು ಮೋಟಾರುಗಳನ್ನು ಮಾತ್ರ ಅದಲುಬದಲು ಮಾಡಿ ಮತ್ತೆ ಓಡಿಸಬೇಕು. ಈಗ ಬಲಕ್ಕೆ ಎಳೆದರೆ ದೋಷ ಮೋಟಾರಿನೊಂದಿಗೆ ಜಾಗ ಬದಲಿಸಿದೆ ಎಂದಾಯಿತು. ಆಗಲೂ ಎಡಕ್ಕೇ ಎಳೆದರೆ ಮೋಟಾರು ನಿರ್ದೋಷಿ. ಚಕ್ರವನ್ನು, ಭಾರವನ್ನು, ಕ್ಯಾಸ್ಟರನ್ನು ಒಂದೊಂದಾಗಿ ನೋಡಬೇಕು. ಸಾಕ್ಷಿ ಸಿಗುವ ಮೊದಲು ಯಾರ ಮೇಲೂ ತಪ್ಪು ಹೊರಿಸಬಾರದು ಎಂಬ ಪಾಠ ವಿಜ್ಞಾನದ ಆಚೆಗೂ ಬೇಕಾದದ್ದು.

ಎರಡನೆಯದು ಜವದ ಪರೀಕ್ಷೆ. ಉದಾಹರಣೆಗೆ, ಐದು ಮೀಟರ್ ದೂರಕ್ಕೆ ಐದು ಸಲದ ಸಮಯ 10.2, 9.8, 10.4, 10.0, 9.6 ಸೆಕೆಂಡ್. ಕೂಡಿದರೆ 50, ಸರಾಸರಿ 10. ಜವ ಸೆಕೆಂಡಿಗೆ 50 ಸೆಂಟಿಮೀಟರ್. ಇದನ್ನೇ ಇನ್ನೊಂದು ದಾರಿಯಿಂದ ಲೆಕ್ಕ ಹಾಕಬಹುದು. ಚಕ್ರದ ವ್ಯಾಸ 6.5 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 20.4 ಸೆಂ.ಮೀ. ಚಕ್ರ ನಿಮಿಷಕ್ಕೆ 150 ಸುತ್ತು ಹಾಕಿದರೆ ಸೆಕೆಂಡಿಗೆ ಎರಡೂವರೆ ಸುತ್ತು. ಹಾಗಾಗಿ 51 ಸೆಂ.ಮೀ. ಎರಡು ದಾರಿಯ ಉತ್ತರಗಳು ಹತ್ತಿರ ಬಂದಾಗ ಮಕ್ಕಳ ಮುಖದಲ್ಲಿ ಕಾಣುವ ಸಂತೋಷವೇ ಬೇರೆ. ಐದು ಸಲ ಏಕೆ ಅಳೆಯಬೇಕು ಎಂಬುದೂ ಇಲ್ಲೇ ತಿಳಿಯುತ್ತದೆ: ಗಡಿಯಾರದ ಗುಂಡಿ ಒತ್ತುವ ಬೆರಳು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಂದೇ ಅಳತೆಯನ್ನು ನಂಬಲಾಗದು.

ಮೂರನೆಯದು ಏರಿನ ಪರೀಕ್ಷೆ. ಒಂದು ಮೀಟರ್ ಹಲಗೆಯ ತುದಿಯನ್ನು ಪುಸ್ತಕಗಳ ಮೇಲೆ ಹತ್ತು, ಇಪ್ಪತ್ತು, ಮೂವತ್ತು ಸೆಂಟಿಮೀಟರ್ ಎತ್ತರಿಸುತ್ತ ಹೋಗುತ್ತಾರೆ. 800 ಗ್ರಾಂ ಬಂಡಿಯ ತೂಕ ಸುಮಾರು 7.8 ನ್ಯೂಟನ್, ಇಪ್ಪತ್ತು ಸೆಂಟಿಮೀಟರಿನ ಏರಿನಲ್ಲಿ ಅದರ ಐದನೇ ಒಂದು ಭಾಗ, ಅಂದರೆ ಸುಮಾರು 1.6 ನ್ಯೂಟನ್ ಬಲ ಅದನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಬಂಡಿ ಎಲ್ಲಿ ಸೋಲುತ್ತದೆ ಎಂಬುದಕ್ಕಿಂತ ಹೇಗೆ ಸೋಲುತ್ತದೆ ಎಂಬುದು ಮುಖ್ಯ. ಚಕ್ರ ತಿರುಗುತ್ತಿದ್ದೂ ಬಂಡಿ ಜಾರಿದರೆ ಘರ್ಷಣೆ ಸಾಲದು. ಟೈರಿಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಸಹಾಯವಾಗುತ್ತದೆ. ಚಕ್ರವೇ ನಿಂತರೆ ಮೋಟಾರಿನ ಬಲ ಸಾಲದು. ರಬ್ಬರ್ ಬ್ಯಾಂಡ್ ಎಷ್ಟು ಸುತ್ತಿದರೂ ಪ್ರಯೋಜನವಿಲ್ಲ.

ಕೆಲವೊಮ್ಮೆ ಏರು ಹತ್ತಲು ಆಜ್ಞೆ ಕೊಟ್ಟ ಕೂಡಲೇ ಬ್ಲೂಟೂತ್ ಸಂಪರ್ಕ ಕಡಿದುಹೋಗುತ್ತದೆ. ತಿರುಗುವ ಮೋಟಾರು ತನ್ನೊಳಗೇ ಬ್ಯಾಟರಿಗೆ ವಿರುದ್ಧವಾದ ಸ್ವಲ್ಪ ವಿದ್ಯುತ್ ಒತ್ತಡವನ್ನು ಉಂಟುಮಾಡಿಕೊಳ್ಳುತ್ತದೆ. ಅದರಿಂದ ಅದು ಎಳೆಯುವ ವಿದ್ಯುತ್ ಮಿತಿಯಲ್ಲಿರುತ್ತದೆ. ನಿಂತ ಮೋಟಾರಿಗೆ ಆ ಕಡಿವಾಣ ಇಲ್ಲ. ಹೊರಡುವ ಗಳಿಗೆಯಲ್ಲಿ ಅದು ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ, ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಗಣಕ ಹಲಗೆ ಆರಿ ಮತ್ತೆ ಶುರುವಾಗುತ್ತದೆ. ಮನೆಯಲ್ಲಿ ನೀರಿನ ಪಂಪು ಹಾಕಿದಾಗ ಬಲ್ಬು ಒಂದು ಕ್ಷಣ ಮಂಕಾಗುವುದು ಇದೇ ಕಾರಣಕ್ಕೆ.

ನಾಲ್ಕನೆಯದು ದೂರದ ಪರೀಕ್ಷೆ. ಫೋನ್ ಹಿಡಿದು ಹಿಂದೆ ಹಿಂದೆ ಹೋಗಬೇಕು. ಈ ಬಗೆಯ ಬ್ಲೂಟೂತ್ ತುಣುಕಿಗೆ ಸುಮಾರು ಹತ್ತು ಮೀಟರ್ ಹರವು. ನಡುವೆ ಗೋಡೆ ಬಂದರೆ ಇನ್ನೂ ಕಡಿಮೆ. ಸಂಪರ್ಕ ಕಡಿದಾಗ ಬಂಡಿ ಏನು ಮಾಡುತ್ತದೆ? ಕೊನೆಯ ಆಜ್ಞೆ ‘ಮುಂದೆ’ ಎಂದಿದ್ದರೆ ಅದು ಮುಂದೆ ಹೋಗುತ್ತಲೇ ಇರುತ್ತದೆ, ಮೆಟ್ಟಿಲಿನಿಂದ ಬೀಳುವವರೆಗೆ. ಅದಕ್ಕಾಗಿ ಅರ್ಧ ಸೆಕೆಂಡಿನ ಒಳಗೆ ಹೊಸ ಆಜ್ಞೆ ಬಾರದಿದ್ದರೆ ತಾನಾಗಿ ನಿಲ್ಲು ಎಂಬ ಒಂದು ಸಾಲನ್ನು ಪ್ರೋಗ್ರಾಂಗೆ ಸೇರಿಸಬೇಕು. ಬಾಂಬಿನ ಹತ್ತಿರ ಹೋಗುವ ಯಂತ್ರವಿರಲಿ, ಆಸ್ಪತ್ರೆಯ ಯಂತ್ರವಿರಲಿ, ಕೈಮೀರಿದಾಗ ಯಾರಿಗೂ ಹಾನಿ ಮಾಡದಂತೆ ನಿಲ್ಲಬೇಕು ಎಂಬ ಹೊಣೆಗಾರಿಕೆ ಈ ಒಂದು ಸಾಲಿನಲ್ಲಿದೆ.

ಚಂದ್ರನ ಮೇಲೆ ಇದೇ ಲೆಕ್ಕ

ಪ್ರಜ್ಞಾನ್ ಸೆಕೆಂಡಿಗೆ ಒಂದು ಸೆಂಟಿಮೀಟರ್ ಮಾತ್ರ ನಡೆಯುತ್ತಿತ್ತು. ಮಕ್ಕಳ ಬಂಡಿ ಅದಕ್ಕಿಂತ ಐವತ್ತು ಪಟ್ಟು ಜೋರು! ಇದನ್ನು ಕೇಳಿ ತರಗತಿಯಲ್ಲಿ ನಗು ಏಳುತ್ತದೆ. ಆಮೇಲೆ ಲೆಕ್ಕ ಮಾಡಿಸಬೇಕು. ಚಂದ್ರ ಸರಾಸರಿ 3,84,000 ಕಿಲೋಮೀಟರ್ ದೂರ. ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿಲೋಮೀಟರ್. ಚಿತ್ರ ಇಲ್ಲಿಗೆ ಬರಲು 1.28 ಸೆಕೆಂಡ್, ನಮ್ಮ ಆಜ್ಞೆ ಅಲ್ಲಿಗೆ ತಲುಪಲು ಇನ್ನೊಂದು 1.28 ಸೆಕೆಂಡ್, ಒಟ್ಟು ಎರಡೂವರೆ ಸೆಕೆಂಡಿಗೂ ಹೆಚ್ಚು. ಅಷ್ಟರಲ್ಲಿ ಮಕ್ಕಳ ಬಂಡಿ 128 ಸೆಂಟಿಮೀಟರ್ ಮುಂದೆ ಹೋಗಿ ಗುಂಡಿಗೆ ಬಿದ್ದಿರುತ್ತದೆ. ಪ್ರಜ್ಞಾನ್ ಹೋಗುವುದು ಎರಡೂವರೆ ಸೆಂಟಿಮೀಟರ್. ಚಿತ್ರ ನೋಡಿ ದಾರಿ ನಿರ್ಧರಿಸುವವರಿಗೆ ಬೇಕಾಗುವ ಹೊತ್ತು ಇದರ ಮೇಲೆ ಬೇರೆ. ನಿಧಾನವೇ ಅದರ ರಕ್ಷಣೆ.

2023ರ ಆಗಸ್ಟ್ 27ರಂದು ಪ್ರಜ್ಞಾನ್ ಮುಂದೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಬೆಂಗಳೂರಿನಿಂದ ಆಜ್ಞೆ ಹೋಯಿತು: ಬಂದ ದಾರಿಯಲ್ಲೇ ಹಿಂದಿರುಗು. ಅದು ಹಿಂದಿರುಗಿ ಹೊಸ ದಾರಿ ಹಿಡಿಯಿತು. ಒಟ್ಟು ನೂರು ಮೀಟರಿಗೂ ಹೆಚ್ಚು ನಡೆಯಿತು.

ಅದರ ಪರೀಕ್ಷೆಗಳೂ ಮಕ್ಕಳ ಪರೀಕ್ಷೆಯ ಅಣ್ಣಂದಿರೇ. ಚಂದ್ರನ ಮಣ್ಣಿನಂಥ ಮಣ್ಣು ಬೇಕೆಂದು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯ ಕಡೆಯ ಬಂಡೆಯನ್ನು ಪುಡಿಮಾಡಿ ಬಳಸಿದರು. ಅನಾರ್ಥೊಸೈಟ್ ಎಂಬ ಆ ಶಿಲೆ ಚಂದ್ರನ ಬೆಟ್ಟನೆಲದ ಶಿಲೆಯನ್ನು ಹೋಲುತ್ತದೆ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಅಪ್ಪಳಿಸಿತ್ತು. ಮುಂದಿನ ಸಲ ಎಂಜಿನಿಯರುಗಳು ಏನೇನು ಕೆಡಬಹುದು ಎಂಬ ಪ್ರಶ್ನೆಯಿಂದಲೇ ವಿನ್ಯಾಸ ಶುರುಮಾಡಿದರು. ನಾಲ್ಕು ವರ್ಷದ ನಂತರ ಅದೇ ತಂಡದ ಸಂಸ್ಥೆ ಗೆದ್ದಿತು. ಒಂದು ಪರೀಕ್ಷೆಯಲ್ಲಿ ಸೋತ ಮಗುವಿಗೆ ಮನೆಯಲ್ಲಿ ಹೇಳಬೇಕಾದ ಮಾತು ಇದು.

ಮನೆಯಲ್ಲಿ ಎಚ್ಚರ

ಮಕ್ಕಳು ಆಸೆಯಿಂದ ಮನೆಯಲ್ಲೂ ಕಟ್ಟಲು ಹೊರಡುತ್ತಾರೆ. ತಡೆಯಬೇಡಿ, ಆದರೆ ಗಮನಿಸಿ. ಲಿಥಿಯಂ ಸೆಲ್ಲಿನ ಎರಡು ತುದಿ ಲೋಹಕ್ಕೆ ತಾಗಿ ಶಾರ್ಟ್ ಆದರೆ ಬೆಂಕಿ ಹೊತ್ತಬಹುದು. ಉಬ್ಬಿದ ಅಥವಾ ಜಜ್ಜಿದ ಸೆಲ್ಲನ್ನು ಬಳಸಬಾರದು. ತಕ್ಕ ಚಾರ್ಜರಿನಲ್ಲೇ, ದೊಡ್ಡವರ ಕಣ್ಣೆದುರೇ ಚಾರ್ಜ್ ಮಾಡಬೇಕು. ರಾತ್ರಿ ಮಲಗುವಾಗ ಅಲ್ಲ. ಹಾಸಿಗೆಯ ಮೇಲಿಟ್ಟು ಚಾರ್ಜ್ ಮಾಡಬಾರದು. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆದೇ ಊಟ. ಮನೆಯ ಗೋಡೆಯ ಪ್ಲಗ್ಗಿನ 230 ವೋಲ್ಟಿಗೆ ಮಕ್ಕಳ ಯಾವ ಪ್ರಯೋಗವೂ ನೇರವಾಗಿ ಜೋಡಣೆಯಾಗಬಾರದು.

ಖರ್ಚು ಮತ್ತು ಅದರ ಫಲ

ಒಂದು ಬಂಡಿಯ ಸಾಮಗ್ರಿಗೆ ಸುಮಾರು ಒಂದೂವರೆಯಿಂದ ಎರಡು ಸಾವಿರ ರೂಪಾಯಿ ಬೇಕಾಗುತ್ತದೆ. ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಬಂಡಿ. ವರ್ಷದ ಕೊನೆಗೆ ಅದನ್ನು ಬಿಚ್ಚಿ, ಭಾಗಗಳನ್ನು ಪರೀಕ್ಷಿಸಿ, ಡಬ್ಬಿಗೆ ಹಾಕಿಟ್ಟರೆ ಮುಂದಿನ ವರ್ಷದ ಮಕ್ಕಳಿಗೆ ಅದೇ ಸಾಮಗ್ರಿ. ಸವೆಯುವುದು ಸೆಲ್ಲು, ಚಕ್ರ, ತಂತಿ ಮಾತ್ರ. ಇದರಿಂದ ಯಾವ ಮಗುವಿನ ಶುಲ್ಕಕ್ಕೂ ಕತ್ತರಿ ಬೀಳಬಾರದೆಂಬ ನಿಯಮವನ್ನು ನಾವು ಇಟ್ಟುಕೊಂಡಿದ್ದೇವೆ: ಶುಲ್ಕದ ಲೆಕ್ಕ ಬೇರೆ, ಸಾಮಗ್ರಿಯ ಲೆಕ್ಕ ಬೇರೆ.

ಹಣವಿಲ್ಲದೆಯೂ ಸಿಗುವ ಅವಕಾಶಗಳಿವೆ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ದೊರೆತಿದೆ. ನಿಮ್ಮ ಮಗುವಿನ ಶಾಲೆಯಲ್ಲಿ ಅಂಥ ಪ್ರಯೋಗಾಲಯ ಇದೆಯೇ, ಅದರ ಬೀಗ ತೆರೆಯುತ್ತದೆಯೇ ಎಂದು ಕೇಳುವುದು ಪೋಷಕರ ಹಕ್ಕು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಗೇರು, ಮೋಟಾರು, ಎಂಜಿನ್‌ಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು.

ಇನ್ನು ಅಂಕದ ಪ್ರಶ್ನೆ. ಓಮನ ನಿಯಮ, ಕಾಂತೀಯ ಪರಿಣಾಮ, ಚಲನೆ, ಬಲ, ಶಕ್ತಿ, ಇವೆಲ್ಲ ಪಠ್ಯದಲ್ಲೇ ಇರುವುದರಿಂದ ಕೈಯಿಂದ ಮಾಡಿದ ಮಗು ಪರೀಕ್ಷೆಯಲ್ಲಿ ತನ್ನ ಮಾತಿನಲ್ಲಿ ಬರೆಯಬಲ್ಲದು. ಆದರೆ ನಮಗೆ ಕಾಣುವ ದೊಡ್ಡ ಫಲ ಬೇರೆ. ಬಾಯಿಪಾಠದಲ್ಲಿ ಹಿಂದುಳಿದ ಹುಡುಗ ದೋಷ ಹುಡುಕುವುದರಲ್ಲಿ ಎಲ್ಲರಿಗಿಂತ ಮುಂದಿರುತ್ತಾನೆ. ಮಾತೇ ಆಡದ ಹುಡುಗಿ ಸ್ಕ್ರೂಡ್ರೈವರ್ ಹಿಡಿದ ಮೇಲೆ ಗುಂಪಿಗೆ ದಾರಿ ತೋರುತ್ತಾಳೆ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ ಮಾತ್ರ ನೋಡಿದ್ದರೆ ಇವರಿಬ್ಬರೂ ‘ಓದು ಸಾಕು’ ಎಂಬ ತೀರ್ಮಾನಕ್ಕೆ ಗುರಿಯಾಗುತ್ತಿದ್ದರು.

ಹತ್ತನೇ ತರಗತಿಯ ನಂತರ

ಪೋಷಕರು ದಯವಿಟ್ಟು ಈ ಭಾಗವನ್ನು ಮಕ್ಕಳೊಂದಿಗೆ ಕುಳಿತು ಓದಬೇಕು. ಎಂಜಿನಿಯರ್ ಆಗಲು ಪಿಯುಸಿ ವಿಜ್ಞಾನ ಮತ್ತು ಸಿಇಟಿ ಒಂದು ದಾರಿ. ಅದೊಂದೇ ದಾರಿಯಲ್ಲ. ಎಸ್ಸೆಸ್ಸೆಲ್ಸಿ ತೇರ್ಗಡೆಯಾದವರು ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಓದಬಹುದು; ನಂತರ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಮೆಕಾಟ್ರಾನಿಕ್ಸ್ ಡಿಪ್ಲೊಮಾ ಕಲಿಸುತ್ತದೆ. ಯಂತ್ರ, ವಿದ್ಯುತ್, ಗಣಕ ಮೂರನ್ನೂ ಸೇರಿಸಿ ಕಲಿಸುವ ಈ ವಿಷಯವೇ ರೋಬೋಟಿನ ವಿಷಯ. ಐಟಿಐ ಕೂಡ ಗೌರವದ ದಾರಿ. ಹೆಣ್ಣುಮಕ್ಕಳಿಗೇ ಮೀಸಲಾದ ಸರ್ಕಾರಿ ಪಾಲಿಟೆಕ್ನಿಕ್ ಬೆಂಗಳೂರಿನಲ್ಲಿದೆ.

ಡಿಪ್ಲೊಮಾ ಎಂದರೆ ಕಡಿಮೆ ಎಂದು ಭಾವಿಸುವವರಿಗೆ ಒಂದು ಮಾತು. ಚಂದ್ರಯಾನ-3ರ ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್ ತಮಿಳುನಾಡಿನ ವಿಲ್ಲುಪುರದವರು, ರೈಲ್ವೆ ತಂತ್ರಜ್ಞರ ಮಗ. ರೈಲ್ವೆ ಶಾಲೆಯಲ್ಲಿ ಓದಿ, ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಆಮೇಲೆ ಎಂಜಿನಿಯರಿಂಗ್ ಮುಗಿಸಿ ಐಐಟಿ ಮದ್ರಾಸಿನಲ್ಲಿ ಪಿಎಚ್.ಡಿ. ಪಡೆದವರು. ಹೆಣ್ಣುಮಗಳಿಗೆ ಯಂತ್ರದ ಓದು ಏಕೆ ಎನ್ನುವವರಿಗೆ ಇನ್ನೊಂದು ಮಾತು. 2023ರ ಸೆಪ್ಟೆಂಬರ್ 2ರಂದು ಸೂರ್ಯನ ಅಧ್ಯಯನಕ್ಕೆ ಹೊರಟ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ, ತಮಿಳುನಾಡಿನ ಸೆಂಗೊಟ್ಟೈ ಎಂಬ ಸಣ್ಣ ಊರಿನ ಕೃಷಿಕ ಕುಟುಂಬದವರು. 1987ರಲ್ಲಿ ಇಸ್ರೋ ಸೇರಿ, ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಆ ಯೋಜನೆಯನ್ನು ಮುನ್ನಡೆಸಿದರು. ಇವರಿಬ್ಬರ ಮನೆಯವರೂ ಒಂದು ದಿನ ‘ಓದಲಿ’ ಎಂದು ನಿರ್ಧರಿಸಿದ್ದರು.

ವಿದ್ಯಾರ್ಥಿವೇತನ ಕುಟುಂಬಗಳ ಗಮನಕ್ಕೆ

ನಮ್ಮ ನೆರವಿನ ಜೊತೆಗೆ ಸರ್ಕಾರದ ನೆರವನ್ನೂ ಬಿಡಬೇಡಿ. ಎಂಟನೇ ತರಗತಿಯಲ್ಲಿರುವ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು ಎನ್‌ಎಂಎಂಎಸ್ ಪರೀಕ್ಷೆ ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಪೋಷಕರ ವಾರ್ಷಿಕ ಆದಾಯದ ಮಿತಿ ಮೂರೂವರೆ ಲಕ್ಷ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶೈಕ್ಷಣಿಕ ಸಾಲ ಇದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಅರ್ಜಿ ರಾಜ್ಯದ ಎಸ್‌ಎಸ್‌ಪಿ ತಾಣದ ಮೂಲಕ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಪಡೆದಿಟ್ಟುಕೊಳ್ಳಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ. ಶಾಲಾ ದಾಖಲೆ, ಆಧಾರ್ ಮತ್ತು ಪ್ರಮಾಣಪತ್ರದಲ್ಲಿ ಹೆಸರಿನ ಅಕ್ಷರಗಳು ಒಂದೇ ಆಗಿರಲಿ. ಇವು ತಪ್ಪಿದರೆ ಅರ್ಹ ಮಗುವಿನ ಹಣವೂ ನಿಂತುಹೋಗಬಹುದು.

ಮುಂದಿನ ವರ್ಷಕ್ಕೆ ನಮಗೆ ಅರ್ಜಿ ಸಲ್ಲಿಸುವ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳು ಅಂಕಪಟ್ಟಿಯೊಂದಿಗೆ ಒಂದು ಪುಟದ ಬರಹವನ್ನು ಸೇರಿಸಲಿ: ತಾವು ಕೈಯಿಂದ ಮಾಡಿದ ಅಥವಾ ರಿಪೇರಿ ಮಾಡಿದ ಒಂದು ವಸ್ತು, ಅದು ಮೊದಲು ಏಕೆ ಕೆಲಸ ಮಾಡಲಿಲ್ಲ, ಕಾರಣವನ್ನು ಹೇಗೆ ಹುಡುಕಿದರು. ಕನ್ನಡ, ಉರ್ದು, ಇಂಗ್ಲಿಷ್ ಯಾವ ಭಾಷೆಯಲ್ಲಾದರೂ ಸರಿ. ಫ್ಯಾನಿನ ರೆಗ್ಯುಲೇಟರ್ ಆಗಬಹುದು, ಸೈಕಲ್ ಚೈನ್ ಆಗಬಹುದು, ಹೊಲಿಗೆ ಯಂತ್ರವಾಗಬಹುದು. ಅಂಕ ಕಡಿಮೆ ಇದೆ ಎಂಬ ಕಾರಣಕ್ಕೆ ಅರ್ಜಿ ಹಾಕದೆ ಉಳಿಯಬೇಡಿ. ಆ ಪುಟವನ್ನು ನಾವು ಅಂಕಪಟ್ಟಿಯಷ್ಟೇ ಗಮನದಿಂದ ಓದುತ್ತೇವೆ.

ದಾನಿಗಳಲ್ಲಿ ಒಂದು ವಿನಂತಿ. ಬಂಡಿಗಳ ಪರೀಕ್ಷೆಯ ದಿನ ಬಿಡುವು ಮಾಡಿಕೊಂಡು ಬನ್ನಿ. ಹಳೆಯ ಮಲ್ಟಿಮೀಟರ್, ಬಳಸದ ಸ್ಮಾರ್ಟ್‌ಫೋನ್, ಕೆಟ್ಟ ಪ್ರಿಂಟರ್ ಇದ್ದರೆ ತನ್ನಿ. ಪ್ರಿಂಟರಿನೊಳಗೆ ಮಕ್ಕಳಿಗೆ ಬೇಕಾದ ಮೋಟಾರು ಮತ್ತು ಗೇರುಗಳಿರುತ್ತವೆ. ಎಂಜಿನಿಯರ್, ಎಲೆಕ್ಟ್ರಿಷಿಯನ್, ಮೆಕ್ಯಾನಿಕ್ ಯಾರೇ ಆಗಿದ್ದರೂ ತಿಂಗಳಿಗೆ ಎರಡು ಗಂಟೆ ಕೊಡಬಲ್ಲವರ ಹೆಸರನ್ನು ಕಚೇರಿಯಲ್ಲಿ ಬರೆಸಬಹುದು. ಬಂದಾಗ ಮಕ್ಕಳ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು, ಬಂಡಿ ಏಕೆ ಎಡಕ್ಕೆ ಎಳೆಯಿತು ಎಂದು ಕೇಳಿ. ನಿಮ್ಮ ಹಣ ಏನು ಮಾಡಿದೆ ಎಂಬುದಕ್ಕೆ ಅವರ ಉತ್ತರವೇ ನಮ್ಮ ಲೆಕ್ಕಪತ್ರ.